ಉಪ್ಪು ಗಾಳಿಯ ಊರಿನಲ್ಲಿ ಕಾರ್ ಶೆಡ್ಡಿಗೆ ಯಾವ ಶಟರ್? ಮೂರನ್ನೂ ಬಳಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಐ ಶಟರಿಗೆ, ಅಂದರೆ ಸತು ಲೇಪಿಸಿದ ಉಕ್ಕಿನದಕ್ಕೆ. ಕೈಯಲ್ಲಿ ಎಳೆಯುವಂಥದ್ದು, ಮೋಟರ್ ಇಲ್ಲದ್ದು. ನಮ್ಮ ಮನೆ ಸುರತ್ಕಲ್ ದಾಟಿದ ಮೇಲೆ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಮನೆ ಕಟ್ಟುವಾಗ ಹಾಕಿಸಿದ್ದು ಮಾಮೂಲಿ ಕಬ್ಬಿಣದ ರೋಲಿಂಗ್ ಶಟರ್. ಅದು ಕೈಕೊಟ್ಟ ಮೇಲೆ ಜಿಐ ಬಂತು. ಮೂರನೆಯದು ಅಲ್ಯೂಮಿನಿಯಂ, ರಿಮೋಟ್ ಒತ್ತಿದರೆ ತಾನೇ ಏಳುವಂಥದ್ದು, ಮಲ್ಪೆ ಹತ್ತಿರ ಭಾವನ ಮನೆಯಲ್ಲಿದೆ. ಭಾವ ಇರುವುದು ಶಾರ್ಜಾದಲ್ಲಿ. ಆ ಮನೆಯ ಬೀಗದ ಕೈ ನನ್ನ ಹತ್ತಿರ, ಹಾಗಾಗಿ ಆ ಶಟರಿನ ಕಷ್ಟಸುಖವೂ ನನ್ನ ಪಾಲಿಗೇ ಬಂದಿದೆ.

ಘಟ್ಟದ ಮೇಲಿನವರು ಇದನ್ನು ಓದಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಕಬ್ಬಿಣದ ಶಟರಿಗೆ ಆಗೊಮ್ಮೆ ಈಗೊಮ್ಮೆ ಪೇಂಟ್ ಹೊಡೆದರೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ನಮ್ಮಲ್ಲಿ ಹಾಗಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದಲ್ಲ, ಶಟರಿನ ಮೇಲೂ ಆಗುವುದು ಅದೇ. ಗಾಳಿಯಲ್ಲಿ ತೇವಾಂಶ 75% ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗುತ್ತದೆ. ಸಮುದ್ರದ ಗಾಳಿ ತಂದು ಕೂರಿಸಿದ ಉಪ್ಪು ಹೀಗೆ ಹಗಲೂ ರಾತ್ರಿ ಒದ್ದೆಯಾಗಿಯೇ ಇರುತ್ತದೆ, ಮಳೆ ಬಾರದಿದ್ದರೂ.

ಇನ್ನೊಂದು ವಿಷಯ ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಮಳೆ ನೇರವಾಗಿ ಬೀಳುವ ಕಡೆ ತುಕ್ಕು ಕಡಿಮೆ! ಸಜ್ಜಾದ ಅಡಿಯಲ್ಲಿ ಮಳೆ ತಾಗದೆ ಇರುವ ಮೇಲಿನ ಪಟ್ಟಿಗಳು, ಮತ್ತೆ ಶಟರಿನ ಒಳಮೈ, ಇವೇ ಮೊದಲು ಕೆಂಪಾಗುತ್ತವೆ. ಬೇರೆ ಕಡೆಯ ಉಪ್ಪನ್ನು ಮಳೆಯೇ ತೊಳೆಯುತ್ತದೆ, ಇಲ್ಲಿ ತೊಳೆಯುವವರು ಯಾರೂ ಇಲ್ಲ. ಅದಕ್ಕೇ ಈಗ ಭಾನುವಾರ ಕಾರು ತೊಳೆಯುವಾಗ ಪೈಪನ್ನು ಶಟರಿನ ಒಳಗಡೆಗೂ ಮೇಲಿನ ಮೂಲೆಗೂ ತಿರುಗಿಸುತ್ತೇನೆ. ಸಿಹಿನೀರು, ಅಷ್ಟೇ. ಸೋಪು ಗೀಪು ಬೇಡ.

ಈಗ ಕಬ್ಬಿಣದ್ದು. ಅಗ್ಗ, ಗಟ್ಟಿ, ಯಾವ ವೆಲ್ಡಿಂಗ್ ಶಾಪಿನವರಾದರೂ ರಿಪೇರಿ ಮಾಡುತ್ತಾರೆ. ಮೂರೂ ನಿಜ. ಆದರೆ ಪೇಂಟ್ ಎಲ್ಲಿ ಬೇಕೋ ಅಲ್ಲಿಗೆ ಬ್ರಷ್ ಹೋಗುವುದೇ ಇಲ್ಲ. ಒಂದು ಪಟ್ಟಿಯ ಬಾಗಿದ ಅಂಚು ಮುಂದಿನ ಪಟ್ಟಿಯ ಅಂಚಿನೊಳಗೆ ಸಿಕ್ಕಿಕೊಂಡಿರುತ್ತದೆ. ಎತ್ತಿ ಇಳಿಸುವಾಗೆಲ್ಲ ಅವು ಒಂದಕ್ಕೊಂದು ಉಜ್ಜುತ್ತವೆ, ಇದ್ದ ಬಣ್ಣವೂ ಎದ್ದುಹೋಗುತ್ತದೆ. ಪ್ರತಿ ಮೇ ತಿಂಗಳಲ್ಲಿ ವೈರ್ ಬ್ರಷ್ ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಎರಡು ಕೋಟ್ ಎನಾಮಲ್ ಹೊಡೆಯುತ್ತಿದ್ದೆವು. ಚೌತಿ ಬರುವಷ್ಟರಲ್ಲಿ ಪ್ರತಿ ಜೋಡಣೆಯಿಂದಲೂ ಕಂದು ನೀರಿನ ಗೆರೆ ಇಳಿದಿರುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅಸಲು ತಲೆನೋವು ಗೈಡ್ ಚಾನೆಲ್. ಎರಡೂ ಬದಿಯಲ್ಲಿ ಪಟ್ಟಿಗಳು ಓಡಾಡುವ ಆ ಯು ಆಕಾರದ ಕಬ್ಬಿಣ ಇದೆಯಲ್ಲ, ಅದು. ನಮ್ಮ ಕಡೆ ಮೇಸ್ತ್ರಿಗಳಿಗೆ ಒಂದು ಅಭ್ಯಾಸ, ಚಾನೆಲಿನ ಬುಡವನ್ನು ನೆಲದ ಸಿಮೆಂಟಿನೊಳಗೆ ಹೂತುಬಿಡುತ್ತಾರೆ. ನೋಡಲು ನೀಟು. ಆದರೆ ಬುಡ ಮುಚ್ಚಿತಲ್ಲ, ಮೇಲಿಂದ ಇಳಿದ ನೀರಿಗೆ ಹೋಗಲು ದಾರಿಯೇ ಇಲ್ಲ. ಅದರ ಜತೆಗೆ ಮರಳು, ಒಣಗಿದ ಎಲೆ, ಸತ್ತ ಮಳೆಹುಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೇಣುದ್ದದ ಜಾಗ ಒಣಗುವುದೇ ಇಲ್ಲ.

ತುಕ್ಕಿನ ಇನ್ನೊಂದು ಗುಣ, ಅದು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಪದರ ಪದರವಾಗಿ ಉಬ್ಬುತ್ತದೆ. ಹೊರಗಿನಿಂದ ನೋಡಿದರೆ ಚಾನೆಲ್ ಸರಿಯಾಗಿಯೇ ಕಾಣುತ್ತದೆ, ಒಳಗೆ ಪಟ್ಟಿ ಹೋಗುವ ಸಂದು ಮಾತ್ರ ಸಣ್ಣದಾಗುತ್ತಾ ಬರುತ್ತದೆ. ಮೊದಲು ಕಿರ್ರ್ ಅನ್ನುವ ಸದ್ದು. ಆಮೇಲೆ ಶಟರ್ ನೆಲದಿಂದ ಗೇಣು ಮೇಲೆಯೇ ನಿಲ್ಲುತ್ತದೆ, ಹೊರಗೆ ಸುರಿಯುವ ಮಳೆ, ಒಳಗೆ ಕಾರು, ನೀವು ಕಾಲಲ್ಲಿ ತುಳಿಯುತ್ತೀರಿ, ಒಂದು ಬದಿ ಇಳಿಯುತ್ತದೆ, ಇನ್ನೊಂದು ಬದಿ ಅಲ್ಲೇ ಕಚ್ಚಿಕೊಂಡು ಇಡೀ ಶಟರ್ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಮತ್ತೆ ತುಳಿದರೆ ಅಡಿಯ ಬಾಟಮ್ ಪ್ಲೇಟ್ ಡೊಂಕು. ಈಗ ಅದು ಮೇಲೆಯೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ.

ರಿಪೇರಿಗೆ ಬಂದವರು ಮೊದಲು ಮಾಡುವ ಕೆಲಸ ಸುತ್ತಿಗೆಯಲ್ಲಿ ಚಾನೆಲಿಗೆ ಬಡಿಯುವುದು. ತುಕ್ಕು ಉದುರುತ್ತದೆ, ಶಟರ್ ಇಳಿಯುತ್ತದೆ, ಅವರು ದುಡ್ಡು ತಗೊಂಡು ಹೋಗುತ್ತಾರೆ. ಉಳಿದ ಪೇಂಟೂ ಎದ್ದಿರುತ್ತದೆ, ಮುಂದಿನ ತಿಂಗಳು ಮತ್ತದೇ ಕಥೆ. ಸರಿಯಾದ ರಿಪೇರಿ ಅಂದರೆ ಕೊಳೆತ ಬುಡವನ್ನು ಕತ್ತರಿಸಿ ಹೊಸ ತುಂಡು ಕೂರಿಸುವುದು, ಮತ್ತೆ ಈ ಸಲ ನೆಲಕ್ಕೆ ತಾಗಿಸದೆ ಒಂದು ಬೆರಳಷ್ಟು ಮೇಲೆ ನಿಲ್ಲಿಸುವುದು. ಆ ಸಂದಿನಿಂದ ನೀರು ತಾನೇ ಹೊರಗೆ ಹೋಗುತ್ತದೆ, ನೆಲ ಹೊರಗಡೆಗೆ ಇಳಿಜಾರಾಗಿ ಇದ್ದರೆ. ನಮ್ಮದು ಅಷ್ಟು ಹೊತ್ತಿಗೆ ಪಟ್ಟಿಯ ತುದಿಗಳೂ ತೂತು ಬಿದ್ದಿದ್ದವು. ಪ್ಯಾಚ್ ಹಾಕಲು ಗಟ್ಟಿ ಕಬ್ಬಿಣವೇ ಉಳಿದಿರಲಿಲ್ಲ.

ಜಿಐ ಹಾಕಿಸುವಾಗ ನಾನು ಹಟ ಹಿಡಿದದ್ದು ಇದೊಂದಕ್ಕೇ. ಚಾನೆಲನ್ನು ಹೂಳುವುದು ಬೇಡ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿ, ಬುಡ ತೆರೆದಿರಲಿ. "ಸಂದಿಯಿಂದ ಇಲಿ ಬರ್ತದೆ ಮಾರಾಯ್ರೆ" ಅಂದರು ಕೆಲಸದವರು. ಬಂದರೆ ಬರಲಿ, ಇಲಿಗೆ ಔಷಧಿ ಉಂಟು ಅಂದೆ.

ಜಿಐ ಅಂದರೆ ಸತುವಿನ ಲೇಪ ಇರುವ ಉಕ್ಕಿನ ತಗಡು. ಗೀರು ಬಿದ್ದ ಕಡೆ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ, ಪೇಂಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮುಖ್ಯವಾಗಿ, ಪಟ್ಟಿಗಳ ಸಂದಿಯೊಳಗೂ ಲೇಪ ಇದ್ದೇ ಇರುತ್ತದೆ. ಆದರೆ ಎಲ್ಲ ಜಿಐಯೂ ಒಂದೇ ಅಲ್ಲ. ಅಂಗಡಿಯಲ್ಲಿ ಎಷ್ಟು ಜಿಎಸ್‌ಎಂ ಅಂತ ಕೇಳಿ. 120 ಇರುತ್ತದೆ, 275 ಇರುತ್ತದೆ. ಚದರ ಮೀಟರಿಗೆ ಎರಡೂ ಬದಿ ಸೇರಿ ಅಷ್ಟು ಗ್ರಾಂ ಸತು ಅಂತ ಲೆಕ್ಕ. 275 ಅಂದರೂ ಒಂದು ಬದಿಗೆ ಸಿಗುವುದು ಸುಮಾರು 20 ಮೈಕ್ರಾನ್ ಅಷ್ಟೇ. ಸಮುದ್ರದ ಹತ್ತಿರ 120 ತಗೊಂಡು ಏನು ಪ್ರಯೋಜನ? ದಪ್ಪ 18 ಗೇಜ್ ಇರಲಿ, ಅಂದರೆ 1.2 ಮಿಲಿಮೀಟರ್. ಗೇಜ್ ನಂಬರ್ ಜಾಸ್ತಿಯಾದಷ್ಟು ತಗಡು ತೆಳು, 22ಕ್ಕೆ ಯಾರಾದರೂ ಪುಸಲಾಯಿಸಿದರೆ ಬೇಡ ಅನ್ನಿ.

ಇನ್ನೊಂದು, ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ. ಅಲ್ಲಿ ಬರೀ ಸಿಲ್ವರ್ ಪೇಂಟ್ ಹೊಡೆದು ಮುಚ್ಚುತ್ತಾರೆ. ಅದು ಬಣ್ಣಕ್ಕೆ ಮಾತ್ರ. ಸತುವಿನ ಪುಡಿ ತುಂಬಿದ ಜಿಂಕ್ ರಿಚ್ ಪೇಂಟ್ ಅಂತಲೇ ಸಿಗುತ್ತದೆ, ಅದನ್ನು ತಂದುಕೊಟ್ಟು ಎದುರು ನಿಂತು ಹೊಡೆಸಿ.

ಜಿಐಯಲ್ಲಿ ದೂರುಗಳೂ ಇವೆ. ಎಳೆಯುವಾಗ ಸದ್ದು ಜೋರು. ಹೊಸ ಜಿಐ ಮೇಲೆ ಸೀದಾ ಎನಾಮಲ್ ಬಳಿದರೆ ಸ್ವಲ್ಪ ದಿನಕ್ಕೆ ಹಾಳೆ ಹಾಳೆಯಾಗಿ ಏಳುತ್ತದೆ, ಅದಕ್ಕೆ ಬೇರೆಯೇ ಪ್ರೈಮರ್ ಬೇಕು. ನಾನು ಆ ಗೋಜಿಗೇ ಹೋಗದೆ ಹಾಗೇ ಬಿಟ್ಟೆ. ರೇಶನ್ ಅಂಗಡಿಯ ಥರ ಕಾಣುತ್ತದೆ ಅಂತ ಮನೆಯವಳ ತಕರಾರು ಇನ್ನೂ ಮುಗಿದಿಲ್ಲ. ಮತ್ತೆ ಮೇಲಿನ ಸ್ಪ್ರಿಂಗ್ ಜಿಐ ಅಲ್ಲ, ಅದು ಕಬ್ಬಿಣದ ಶಟರಿನಲ್ಲಿ ಇರುವಂಥದ್ದೇ. ಅದಕ್ಕೂ ತುಕ್ಕು ಬರುತ್ತದೆ, ಒಂದು ದಿನ ಢಬ್ ಅಂತ ತುಂಡಾಗುತ್ತದೆ, ಶಟರ್ ಎತ್ತಲಾಗದಷ್ಟು ಭಾರವಾಗುತ್ತದೆ. ಅದನ್ನು ಮಾತ್ರ ಸ್ವಂತ ಕೈಯಲ್ಲಿ ಬಿಚ್ಚಲು ಹೋಗಬೇಡಿ. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ.

ಭಾವನ ಅಲ್ಯೂಮಿನಿಯಂ ಶಟರ್ ನೋಡಲು ಚೆಂದ, ಒಪ್ಪುತ್ತೇನೆ. ಹಗುರ, ಸದ್ದಿಲ್ಲ, ಕೆಂಪು ತುಕ್ಕಿನ ಪ್ರಶ್ನೆಯೇ ಇಲ್ಲ. ಆದರೆ ಪಟ್ಟಿಗೆ ತುಕ್ಕು ಬರುವುದಿಲ್ಲ ಅಂದಮಾತ್ರಕ್ಕೆ ಸ್ಕ್ರೂಗೆ ಬರುವುದಿಲ್ಲವೇ? ಫಿಟ್ ಮಾಡಿದವರು ಸಾದಾ ಕಬ್ಬಿಣದ ಸ್ಕ್ರೂ ಹಾಕಿದ್ದರು. ಉಪ್ಪುನೀರಿನಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಕರಗುತ್ತದೆ. ಪ್ರತಿ ಸ್ಕ್ರೂ ಸುತ್ತ ಬಿಳಿ ಹಿಟ್ಟು, ಒರೆಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳಿ. 316 ಸ್ಟೇನ್‌ಲೆಸ್ ಸ್ಕ್ರೂ ತರಿಸಿ, ಅಡಿಗೆ ನೈಲಾನ್ ವಾಷರ್ ಕೊಟ್ಟು ಬದಲಾಯಿಸಿದ ಮೇಲೆ ಅದು ನಿಂತಿದೆ.

ಮೋಟರಿನ ಕಥೆ ಬೇರೆ. ಮೋಟರ್ ಗಟ್ಟಿಯೇ, ಹಾಳಾಗುವುದು ಅದರ ಕಂಟ್ರೋಲ್ ಬೋರ್ಡ್. ಒಮ್ಮೆ ಬಿಚ್ಚಿ ನೋಡಿದೆ, ತಾಮ್ರದ ಗೆರೆಗಳೆಲ್ಲ ಹಸಿರು ಹಿಡಿದಿದ್ದವು, ಮೂಲೆಯಲ್ಲಿ ಇರುವೆಗಳ ಸಂಸಾರ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಸುಟ್ಟದ್ದೂ ಉಂಟು. ಬೋರ್ಡ್ ಬೆಂಗಳೂರಿನಿಂದ ಬರಬೇಕು, ಬರುವವರೆಗೆ ಕ್ರ್ಯಾಂಕ್ ಹಿಡಿದು ತಿರುಗಿಸುತ್ತಾ ಕೂರಬೇಕು. ಕರೆಂಟು ಹೋದಾಗಲೂ ಅದೇ ವ್ಯಾಯಾಮ.

ಎಣ್ಣೆ ವಿಷಯ ಚಿಕ್ಕದು. ಚಾನೆಲಿಗೆ ಗ್ರೀಸ್ ಬೇಡವೇ ಬೇಡ, ಮರಳು ಅಂಟಿ ಅರೆಯುತ್ತದೆ. ತೆಂಗಿನೆಣ್ಣೆ ಅಂಟಾಗುತ್ತದೆ. ಡಬ್ಲ್ಯುಡಿ-40 ಕಚ್ಚಿಕೊಂಡದ್ದನ್ನು ಬಿಡಿಸಲು ಒಳ್ಳೆಯದು, ಆದರೆ ಬಹಳ ದಿನ ನಿಲ್ಲುವುದಿಲ್ಲ. ನಾನು ಚಾನೆಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರಾ ಹೊತ್ತಿಗೆ ಒಮ್ಮೆ.

ನಾನು ಬೆಳಿಗ್ಗೆ ಕಾರು ತೆಗೆದರೆ ಸಂಜೆಯೇ ಒಳಗಿಡುವವನು. ದಿನಕ್ಕೆ ಅಷ್ಟೇ ಸಲ ಎಳೆಯುವುದಕ್ಕೆ ಮೋಟರ್ ಯಾಕೆ? ಜಿಐಗೆ ಕಬ್ಬಿಣದ್ದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟೆ, ಅಲ್ಯೂಮಿನಿಯಂ ಮೋಟರ್ ಸೆಟ್ಟಿಗೆ ಹೇಳಿದ ರೇಟು ಕೇಳಿ ನಮಸ್ಕಾರ ಹೇಳಿ ಬಂದೆ. ಮನೆಯಲ್ಲಿ ಬಗ್ಗಿ ಎಳೆಯಲಾಗದ ಹಿರಿಯರಿದ್ದರೆ, ಅವರೇ ಗಾಡಿ ತೆಗೆಯುವವರಾದರೆ, ಜಿಐ ಶಟರಿಗೇ ಮೋಟರ್ ಕೂರಿಸಬಹುದು. ಕಂಟ್ರೋಲ್ ಬೋರ್ಡನ್ನು ಹೊರಗಿನ ಗೋಡೆಗೆ ಹಾಕದೆ ಮನೆಯೊಳಗೆ ಇಡಿ. ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿ.

ರೇಟು ಮಾತಾಡುವಾಗ ಒಂದು ನೆನಪಿಡಿ, ಮೇಲೆ ಸುತ್ತಿಕೊಳ್ಳುವ ಭಾಗವನ್ನೂ ಚದರ ಅಡಿಗೆ ಸೇರಿಸಿ ಬಿಲ್ ಮಾಡುತ್ತಾರೆ, ಬಾಗಿಲಿನ ಅಳತೆ ಮಾತ್ರ ಹಿಡಿದು ಲೆಕ್ಕ ಹಾಕಬೇಡಿ. ಮತ್ತೆ ಆರ್ಡರ್ ಕೊಡುವುದಾದರೆ ಫೆಬ್ರವರಿಯಲ್ಲೇ ಕೊಡಿ. ಮೇ ತಿಂಗಳಲ್ಲಿ ಈ ವೆಲ್ಡಿಂಗಿನವರೆಲ್ಲ ಅಂಗಳಕ್ಕೆ ಶೀಟ್ ಹಾಕುವ ಕೆಲಸದಲ್ಲಿ ಇರುತ್ತಾರೆ, ಯಾರೂ ಫೋನ್ ಎತ್ತುವುದಿಲ್ಲ.