ಮೊಣಗಂಟು ಬದಲಿಸುವ ಆಪರೇಷನ್‌ಗೆ "ಹೈ-ಫ್ಲೆಕ್ಸ್" ಅಂತ ಜಾಸ್ತಿ ದುಡ್ಡು ಕೇಳಿದರೆ ಎಚ್ಚರ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ದಯವಿಟ್ಟು ಪೂರ್ತಿ ಓದಿ. ನಮಗೆಲ್ಲ ದೊಡ್ಡ ಆಪರೇಷನ್ ಅಂದರೆ ತಲಪಾಡಿ ದಾಟಿ ಮಂಗಳೂರೇ ಅಲ್ವಾ. ಅಲ್ಲಿ ಹೇಗೆ ಅಂತ ಗೊತ್ತೇ ಇದೆ. ಡಾಕ್ಟರು ಎಕ್ಸ್-ರೇ ನೋಡಿ "ಸವೆದಿದೆ, ಬದಲಿಸಬೇಕು" ಅಂತಾರೆ, ಎರಡು ನಿಮಿಷ. ದುಡ್ಡಿನ ಮಾತು ಕೌಂಟರಿನ ಪಕ್ಕದ ಎಸಿ ಕೋಣೆಯಲ್ಲಿ. ಅಮ್ಮನ ಕಾಲಿನ ಆಪರೇಷನ್ ಮಾತಾಡಲು ಹೋದಾಗ ನಮಗೆ ಟೋಪಿ ಹಾಕಿದ್ದು ಆ ಕೋಣೆಯಲ್ಲೇ.

ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೊಣಗಂಟು ಇಟ್ಟಿದ್ದರು. ತೊಡೆಯ ಎಲುಬಿನ ತುದಿಗೆ ಲೋಹದ ಟೊಪ್ಪಿ, ಕೆಳಗಿನ ಎಲುಬಿಗೆ ಲೋಹದ ತಟ್ಟೆ, ಮಧ್ಯೆ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಬಿಲ್ಲೆ. ಕೋಆರ್ಡಿನೇಟರ್ ಮೇಡಂ ಅದನ್ನು ಪೂರ್ತಿ ಮಡಚಿ ತೋರಿಸಿದರು. "ಸಾಮಾನ್ಯದ್ದು ಇಷ್ಟು ಮಡಚುವುದಿಲ್ಲ ಸರ್, ಹತ್ತು ವರ್ಷ ಬಂದರೆ ಹೆಚ್ಚು. ಇದು ಹೈ-ಫ್ಲೆಕ್ಸ್ ಡಿಸೈನ್." ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮ, ನೀವು ನೆಲದಲ್ಲಿ ಕೂತು ಅಡಿಕೆ ಸುಲೀಬೇಕಲ್ವಾ? ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚಬೇಕಲ್ವಾ?" ಅಮ್ಮನ ಮುಖ ಅರಳಿತು. ನನ್ನ ಹತ್ತಿರ ಮೆಲ್ಲಗೆ, "ಹೆತ್ತ ತಾಯಿಗೆ ಯಾಕೆ ಸರ್ ಕಡಿಮೆದು?" ಬಾವ ಪಕ್ಕದಲ್ಲೇ ಇದ್ದರು. ಅಮ್ಮನ ಎದುರು, ಬಾವನ ಎದುರು, ಯಾವ ಮಗ ಬೇಡ ಅಂತಾನೆ ಹೇಳಿ? ಪ್ಯಾಕೇಜಿನ ಮೇಲೆ 85 ಸಾವಿರ ಜಾಸ್ತಿ ಕಟ್ಟಿದೆವು. ಆ ಪ್ಲಾಸ್ಟಿಕ್ ಕಾಲಿಗೆ ಮಾಂಸ ಇಲ್ಲ, ನೋವಿಲ್ಲ, ಮಡಚದೆ ಏನು ಮಾಡ್ತದೆ!

ಆಪರೇಷನ್ ಚೆನ್ನಾಗಿಯೇ ಆಯಿತು, ಅದಕ್ಕೆ ಸುಳ್ಳು ಹೇಳಲಾರೆ. ಡಿಸ್ಚಾರ್ಜ್ ದಿನ ಫಿಸಿಯೋಥೆರಪಿಯ ಹುಡುಗ ಒಂದು ಚೀಟಿ ಕೊಟ್ಟ. ಅದರಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸಿನ ಚಿತ್ರ, ಮೇಲೆ ಅಡ್ಡಡ್ಡ ಕೆಂಪು ಗೆರೆ. ಅಮ್ಮ ಅದನ್ನು ಎರಡು ಸಲ ನೋಡಿ "ಇದು ನಂಗಲ್ಲ ಅಲ್ವಾ ಮಗಾ, ನಂದು ಬೇರೆ ಅಲ್ವಾ" ಅಂದರು. ಹುಡುಗ ನಕ್ಕು, "ಎಲ್ಲರಿಗೂ ಇದೇ ಅಮ್ಮ, ನೆಲದಲ್ಲಿ ಕೂರಲೇಬಾರದು" ಅಂದ. ನನ್ನ ತಲೆ ಬಿಸಿಯಾಯಿತು. ಸೀದಾ ಎಸಿ ಕೋಣೆಗೆ ಹೋದೆ. ಮೇಡಂ ಕೊಟ್ಟ ಉತ್ತರ ಇಲ್ಲಿ ಹಾಗೇ ಬರೆಯುತ್ತೇನೆ: "ಹೈ-ಫ್ಲೆಕ್ಸ್ ಅಂದ್ರೆ ಅದಕ್ಕೆ ಮಡಚುವ ಕೆಪ್ಯಾಸಿಟಿ ಇದೆ ಅಂತ ಸರ್, ನೀವು ಮಡಚಬೇಕು ಅಂತ ಅಲ್ಲ."

85 ಸಾವಿರ! ಮಡಚಬಾರದ ಕಾಲಿಗೆ!

ಬಿಲ್ಲಿನಲ್ಲಿ "ಇಂಪ್ಲಾಂಟ್ ಮತ್ತು ಇತರೆ" ಅಂತ ಒಂದೇ ಸಾಲು. ಮನೆಗೆ ಬಂದು ಹುಡುಕಿದ ಮೇಲೆ ಇನ್ನೂ ಉರಿಯಿತು. ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, 2017ರ ಆಗಸ್ಟ್‌ನಲ್ಲೇ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಕೃತಕ ಮೊಣಗಂಟಿನ, ಬೆಲೆಗೆ ಮಿತಿ ಹಾಕಿದೆ. ಕೋಬಾಲ್ಟ್ ಕ್ರೋಮಿಯಂ ಲೋಹದ ಸಾಮಾನ್ಯ ಸೆಟ್ಟಿಗೆ ಆಗ 54,720 ರೂಪಾಯಿ, ಹೈ-ಫ್ಲೆಕ್ಸ್ ಸೆಟ್ಟಿಗೆ 56,490, ಜಿಎಸ್‌ಟಿ ಬೇರೆ. ವ್ಯತ್ಯಾಸ ಎಷ್ಟು? 1,770 ರೂಪಾಯಿ. ನಮ್ಮ ಹತ್ತಿರ ತಗೊಂಡದ್ದು 85 ಸಾವಿರ. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ, ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿ ಬರೆಯಬೇಕು ಅಂತಲೂ ಆ ಆದೇಶದಲ್ಲಿದೆ.

ಫೋನ್ ಮಾಡಿ ಕೇಳಿದರೆ, "ಅದು ವಸ್ತುವಿನ ರೇಟ್ ಸರ್, ನಾವು ತಗೊಂಡದ್ದು ಹೈ-ಫ್ಲೆಕ್ಸ್ ಟೆಕ್ನಿಕ್‌ಗೆ." ಯಾವ ಟೆಕ್ನಿಕ್? "ಡಾಕ್ಟರ್ ಹತ್ರ ಕೇಳಿ." ಡಾಕ್ಟರ ಹತ್ತಿರ ಕೇಳಿದರೆ, "ಬಿಲ್ಲಿಂಗ್ ನನಗೆ ಗೊತ್ತಿಲ್ಲ."

ಇನ್ನೊಬ್ಬ ಮೂಳೆ ಡಾಕ್ಟರಿಗೆ ತೋರಿಸಿದಾಗ ಅವರು ಹೇಳಿದ್ದು: ಆಪರೇಷನ್‌ಗೆ ಮೊದಲು ಕಾಲು ಎಷ್ಟು ಮಡಚುತ್ತಿತ್ತು ಅನ್ನುವುದರ ಮೇಲೆಯೇ ಮುಖ್ಯವಾಗಿ ಆಮೇಲೆ ಎಷ್ಟು ಮಡಚುತ್ತದೆ ಅನ್ನುವುದು ನಿಂತಿದೆ, ಅದು ಬಿಟ್ಟರೆ ವ್ಯಾಯಾಮದ ಮೇಲೆ. ಹೈ-ಫ್ಲೆಕ್ಸನ್ನೂ ಸಾಮಾನ್ಯದ್ದನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲವಂತೆ. ಮೊಣಗಂಟಿನ ಹಿಂಬದಿಯ ಲಿಗಮೆಂಟ್ (ಎಲುಬುಗಳನ್ನು ಹಿಡಿದಿಡುವ ಪಟ್ಟಿ) ಉಳಿಸುವ ಡಿಸೈನ್, ತೆಗೆಯುವ ಡಿಸೈನ್, ಬಿಲ್ಲೆ ತಿರುಗುವ ಡಿಸೈನ್ ಎಲ್ಲಾ ಇವೆ, ಆದರೆ ಅದು ಸರ್ಜನ್ ಕಾಲು ನೋಡಿ ತೀರ್ಮಾನಿಸುವ ವಿಷಯ, ಕೌಂಟರಿನವರದ್ದಲ್ಲ. "ಹತ್ತೇ ವರ್ಷ" ಅನ್ನುವುದೂ ಸುಳ್ಳು. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಿಸಿದ ಮೊಣಗಂಟುಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ.

ಅಡ್ವಾನ್ಸ್ ಕಟ್ಟುವ ಮೊದಲೇ ಇಂಪ್ಲಾಂಟಿನ ಹೆಸರು, ಬೆಲೆ ಬರೆಸಿಕೊಳ್ಳಿ. ಇಂಪ್ಲಾಂಟಿನ ಪೆಟ್ಟಿಗೆಯ ಸ್ಟಿಕ್ಕರ್ ಕೇಳಿ, ಕೊಡದಿದ್ದರೆ ಜಗಳ ಮಾಡಿ, ನಾಚಿಕೆ ಬೇಡ. ಎಸಿ ಕೋಣೆಗೆ ವಯಸ್ಸಾದವರನ್ನು ಕರೆದುಕೊಂಡೇ ಹೋಗಬೇಡಿ, ಅವರ ಆಸೆಯನ್ನೇ ಹಿಡಿದು ಎಳೆಯುತ್ತಾರೆ. ಎನ್‌ಪಿಪಿಎಯ ಫಾರ್ಮಾ ಜನ್ ಸಮಾಧಾನ್‌ಗೆ ದೂರು ಹಾಕಿದ್ದೇನೆ, ಉತ್ತರ ಬಂದರೆ ತಿಳಿಸುತ್ತೇನೆ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ಅದೇ ಮೇಡಂ ವಾಟ್ಸಾಪ್‌ನಲ್ಲಿ ಮೆಸೇಜ್ ಕಳಿಸಿದ್ದಾರೆ: "ಸರ್, ಅಮ್ಮನ ಇನ್ನೊಂದು ಕಾಲು ಯಾವಾಗ? ಹಳೇ ಕಸ್ಟಮರ್ ಅಲ್ವಾ, ಹತ್ತು ಪರ್ಸೆಂಟ್ ಕಡಿಮೆ ಮಾಡಿಸ್ತೇನೆ."