ವಿಂಚೆಸ್ಟರ್ ಮಿಸ್ಟರಿ ಹೌಸ್: ದೆವ್ವಕ್ಕಿಂತ ಮೆಟ್ಟಿಲು ಚೆನ್ನಾಗಿದೆ

ಅತ್ತೆ ಮಂಡ್ಯದಿಂದ ಕ್ಯಾಲಿಫೋರ್ನಿಯಾಗೆ ಬಂದು ಎರಡು ತಿಂಗಳಾಗಿತ್ತು. ಗೋಲ್ಡನ್ ಗೇಟ್ ಆಯ್ತು, ಲಿವರ್‌ಮೋರ್ ದೇವಸ್ಥಾನ ಎರಡು ಸಲ ಆಯ್ತು. ಇನ್ನೇನು ತೋರಿಸೋದು ಅಂತ ಸ್ಯಾನ್ ಹೋಸೆಯ ಈ ಮನೆಗೆ ಕರ್ಕೊಂಡು ಹೋದೆ. ಸಂತಾನಾ ರೋ ಅನ್ನೋ ಶಾಪಿಂಗ್ ಬೀದಿಯ ಎದುರಿಗೇ ಇದೆ. ಹತ್ತು ವರ್ಷದಿಂದ ಅದರ ಮುಂದೆ ಓಡಾಡ್ತಿದ್ರೂ ಒಳಗೆ ಕಾಲಿಟ್ಟಿರಲಿಲ್ಲ.

ಬಂದೂಕು ಕಂಪನಿಯ ವಿಂಚೆಸ್ಟರ್ ಮನೆತನದ ಸೊಸೆ ಸಾರಾ. ಗಂಡ ತೀರಿಹೋದ ಮೇಲೆ, 1886ರಲ್ಲಿ, ಎಂಟು ಕೋಣೆಯ ತೋಟದ ಮನೆ ಕೊಂಡು ಬೆಳೆಸ್ತಾ ಹೋದ್ರು. 1922ರಲ್ಲಿ ಅವರು ಸಾಯೋ ಹೊತ್ತಿಗೆ 160 ಕೋಣೆ! ಒಂದು ಕಡೆ ಮೆಟ್ಟಿಲು ಹತ್ತಿದ್ರೆ ಸೂರಿಗೆ ತಲೆ ತಾಗುತ್ತೆ. ಮೇಲಿನ ಮಹಡಿಯ ಒಂದು ಬಾಗಿಲು ತೆಗೆದ್ರೆ ಆಚೆ ಬರೀ ಗಾಳಿ. ಬಂದೂಕಿಗೆ ಸತ್ತವರ ಆತ್ಮಗಳಿಗೆ ದಾರಿ ತಪ್ಪಿಸೋಕೆ ಹೀಗೆ ಕಟ್ಟಿಸಿದ್ರು ಅನ್ನೋದು ಎಲ್ಲರೂ ಹೇಳೋ ಕತೆ. ನನಗೆ ಅದು ಒಪ್ಪಿಗೆ ಆಗಲ್ಲ. 1906ರ ಭೂಕಂಪದಲ್ಲಿ ಏಳಂತಸ್ತಿನ ಗೋಪುರ ಉರುಳಿತ್ತು, ಬಿದ್ದಿದ್ದನ್ನೆಲ್ಲ ಮತ್ತೆ ಕಟ್ಟಿಸಲಿಲ್ಲ. ಬಾಗಿಲು ಬಯಲಿಗೆ ತೆರೆಯೋಕೆ ದೆವ್ವವೇ ಬೇಕಾ?

ನಿಜವಾಗಿ ನೋಡಬೇಕಾದ್ದು ಆ ಗಿಡ್ಡ ಮೆಟ್ಟಿಲು. ಒಂದೊಂದೂ ಹೆಚ್ಚು ಅಂದ್ರೆ ಎರಡೂವರೆ ಇಂಚು ಎತ್ತರ. 44 ಮೆಟ್ಟಿಲು, ಹಾವಿನ ಥರ ಆಕಡೆ ಈಕಡೆ ತಿರುಗಿ ತಿರುಗಿ, ಕೊನೆಗೆ ಏರೋದು ಬರೀ ಒಂಬತ್ತು ಅಡಿ. ಹುಡುಗರೆಲ್ಲ ನಕ್ಕರು. ಅತ್ತೆ ಮಾತ್ರ ಕಂಬಿ ಹಿಡೀದೆ, ನಿಲ್ಲದೆ, ಸರಸರ ಹತ್ತಿಬಿಟ್ರು. ಮೇಲೆ ನಿಂತು, "ದೆವ್ವ ಅಲ್ಲ ಕನವ್ವ, ಈಯಮ್ಮಂಗೂ ಮಂಡಿ ನೋವು" ಅಂದ್ರು. ಸಾರಾಗೆ ಸಂಧಿವಾತ ಇತ್ತು ಅಂತ ಆಮೇಲೆ ಗೈಡ್ ಹೇಳಿದ್ದು.

ಗಿಡಗಳ ಕೋಣೆಯಿಂದಂತೂ ಅತ್ತೆ ಕದಲಲೇ ಇಲ್ಲ. ನೆಲದ ಹಲಗೆ ಎತ್ತಿದ್ರೆ ಕೆಳಗೆ ಸತುವಿನ ತಗಡು. ಕುಂಡಕ್ಕೆ ಹಾಕಿ ಮಿಕ್ಕ ನೀರು ಅದರ ಮೇಲೆ ಹರಿದು ಕೊಳವೆಯಲ್ಲಿ ಕೆಳಗಿನ ತೋಟಕ್ಕೆ ಹೋಗ್ತಿತ್ತು. ಪಾತ್ರೆ ತೊಳೆದ ನೀರನ್ನೂ ಕರಿಬೇವಿಗೆ ಸುರಿಯೋ ಅತ್ತೆಗೆ ಅದು ಬಲು ಮೆಚ್ಚಿಗೆ ಆಯ್ತು.

ಟಿಕೆಟ್ ಅಗ್ಗ ಅಲ್ಲ. ಗಂಟೆಗೂ ಮೇಲೆ ನಡಿಗೆ, ಬೇರೆ ಮೆಟ್ಟಿಲುಗಳು ಇಷ್ಟು ಸುಲಭವಿಲ್ಲ, ಹಾದಿ ಇಕ್ಕಟ್ಟು. ಚಪ್ಪಲಿ ಬೇಡ, ಶೂ ಹಾಕಿಸಿ. ಭೂತದ ಆಸೆಯಿಂದ ಬಂದ ನನ್ನ ಮಗ ಕೊನೆಕೊನೆಗೆ ಆಕಳಿಸ್ತಿದ್ದ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು.

ಅವತ್ತು ರಾತ್ರಿಯೇ ಅತ್ತೆ ಮಂಡ್ಯಕ್ಕೆ ಫೋನ್ ಹಚ್ಚಿ, ತಾರಸಿ ಮೆಟ್ಟಿಲು ಒಡೆಸಿ ಗಿಡ್ಡ ಮಾಡ್ಸೋಕೆ ಎಷ್ಟಾಗುತ್ತೆ, ಮೇಸ್ತ್ರಿನ ಕೇಳಿ ಅಂತ ಮಾವನಿಗೆ ಹೇಳ್ತಿದ್ರು.