ಮರದ ನೆರಳಿನ ಅಗ್ಗದ ಕ್ಯಾಂಪ್‌ಸೈಟ್: ಹಣ ಕಟ್ಟುವ ಮೊದಲು ಇಷ್ಟು ನೋಡಿಕೊಳ್ಳಿ

ನಗರದ ಅಂಚಿನ ಬಡಾವಣೆ, ಸುತ್ತ ದೊಡ್ಡ ದೊಡ್ಡ ಮರ, ಹೋಟೆಲಿನ ಕಾಲುಭಾಗ ಬಾಡಿಗೆ, ನಡೆದರೆ ಸಿಗುವಷ್ಟು ಹತ್ತಿರದಲ್ಲಿ ರೈಲು. ಇಷ್ಟನ್ನು ನಂಬಿ ಎರಡು ಟೆಂಟಿನ ನಾಲ್ವರು ಮೂರು ರಾತ್ರಿಯ ಹಣ ಮುಂಗಡ ಕಟ್ಟಿ, ಎರಡನೇ ದಿನ ಬೆಳಿಗ್ಗೆಯೇ ಒದ್ದೆ ಸಾಮಾನು ಹೊತ್ತು ಹೊರಬಿದ್ದ ಕ್ಯಾಂಪ್‌ಸೈಟಿನ (ಬಾಡಿಗೆ ಕೊಟ್ಟು ಟೆಂಟು ಹಾಕಿಕೊಳ್ಳುವ ಜಾಗದ) ಬಗ್ಗೆ ಈ ಬರಹ. ಹೆಸರು ಬೇಡ. ಅಲ್ಲಿ ಕೆಟ್ಟದ್ದೆಲ್ಲ ಇಂಥ ಬೇರೆ ಜಾಗಗಳಲ್ಲೂ ಕೆಡುವಂಥದ್ದೇ.

ಮೊದಲ ಪೆಟ್ಟು ನೆಲದ್ದು. ಫೋಟೊದಲ್ಲಿ ಹುಲ್ಲುಹಾಸು ಇತ್ತು. ದಟ್ಟ ನೆರಳಿನಲ್ಲಿ ಹುಲ್ಲು ಸರಿಯಾಗಿ ಏಳುವುದಿಲ್ಲ, ಅದರ ಮೇಲೆ ದಿನವೂ ಅದೇ ಜಾಗದಲ್ಲಿ ಟೆಂಟು ಹಾಕಿ ಹಾಕಿ, ಕಾರು ಓಡಿಸಿ ಮಣ್ಣು ಕಲ್ಲಿನಂತಾಗಿರುತ್ತದೆ. ಟೆಂಟಿನ ಜೊತೆ ಬಂದ ತೆಳು ಅಲ್ಯೂಮಿನಿಯಂ ಗೂಟಗಳು ಎರಡೇ ಏಟಿಗೆ ಬಾಗಿದವು, ಬಾಗದೆ ಇಳಿದವು ಬೇರಿಗೆ ತಾಗಿ ಅರ್ಧಕ್ಕೇ ನಿಂತವು. ಇಂಥ ನೆಲಕ್ಕೆ 8 ಮಿಲಿಮೀಟರ್ ದಪ್ಪ, 20ರಿಂದ 25 ಸೆಂಟಿಮೀಟರ್ ಉದ್ದದ ಉಕ್ಕಿನ ಮೊಳೆಗೂಟವೇ ಬೇಕು, ಜೊತೆಗೆ ಸುತ್ತಿಗೆ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಸುಮಾರು 45 ಡಿಗ್ರಿ ಓರೆಯಾಗಿ ಹೊಡೆಯಬೇಕು. ಬೇರು ಸಿಕ್ಕರೆ ಹಟ ಮಾಡದೆ ಒಂದು ಗೇಣು ಪಕ್ಕಕ್ಕೆ ಸರಿಸಿ.

ಗಟ್ಟಿ ಮಣ್ಣು ನೀರನ್ನೂ ಬೇಗ ಕುಡಿಯುವುದಿಲ್ಲ. ಅರ್ಧ ಗಂಟೆಯ ಮಳೆಗೆ ಟೆಂಟಿನಡಿ ಎರಡು ಬೆರಳು ನೀರು ನಿಂತಿತು. ತಗ್ಗನ್ನು ಒಣ ದಿನದಲ್ಲೂ ಗುರುತಿಸಬಹುದು: ಮೇಲೆ ನುಣ್ಣಗೆ ಕೂತು ಬಿರುಕು ಬಿಟ್ಟ ಕೆಸರಿನ ಪದರ, ಒಂದೇ ಮೂಲೆಗೆ ಬಂದು ಸೇರಿದ ತರಗೆಲೆ, ಸಣ್ಣ ಕಡ್ಡಿ. ಅಂಥ ಕಡೆ ಬಿಟ್ಟು ಒಂದಿಷ್ಟು ಏರಿನ ಜಾಗ ಕೇಳಿ, ಏರಿನ ಕಡೆಗೆ ತಲೆ ಮಾಡಿ ಮಲಗಿ. ಇನ್ನೊಂದು ತಪ್ಪು ಟಾರ್ಪಾಲಿನದು. ಟೆಂಟಿನ ಕೆಳಗೆ ಹಾಸಿದ ಟಾರ್ಪಾಲು ಅಂಚಿನಿಂದ ಒಂದು ಗೇಣು ಹೊರಗೆ ಚಾಚಿತ್ತು. ಮೇಲ್ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ನೇರವಾಗಿ ಹಾಸಿಗೆಯ ಕೆಳಗೆ ಹರಿಯಿತು. ಟಾರ್ಪಾಲು ಯಾವಾಗಲೂ ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕೈದು ಸೆಂಟಿಮೀಟರ್ ಒಳಗೇ ಇರಬೇಕು.

ಆದರೆ ನಿಜವಾಗಿ ಎದೆ ನಡುಗಿಸಿದ್ದು ಮರ. ಆಫೀಸಿನಲ್ಲಿ ನಂಬರು ಕೊಟ್ಟ ಜಾಗ ಒಂದು ಹಳೆಯ ಮರದ ಅಡ್ಡಕೊಂಬೆಯ ನೇರ ಕೆಳಗಿತ್ತು. ರಾತ್ರಿ ಗಾಳಿಯೇ ಇಲ್ಲದಾಗ ಮಣಿಕಟ್ಟಿನಷ್ಟು ದಪ್ಪದ ಕೊಂಬೆಯೊಂದು ಎರಡು ಟೆಂಟುಗಳ ನಡುವೆ ಬಿತ್ತು. ಎರಡು ಅಡಿ ಆಚೀಚೆ ಆಗಿದ್ದರೆ ಈ ಬರಹದ ಧಾಟಿಯೇ ಬೇರೆ ಇರುತ್ತಿತ್ತು. ಗಾಳಿ ಬಂದರೆ ಮಾತ್ರ ಕೊಂಬೆ ಬೀಳುತ್ತದೆ ಎಂದುಕೊಳ್ಳಬೇಡಿ. ಹಸಿರಾಗಿರುವ ಗಟ್ಟಿ ಕೊಂಬೆ ಕೂಡ ಬೇಸಗೆಯಲ್ಲಿ ಗಾಳಿಯಿಲ್ಲದ ಹೊತ್ತಿನಲ್ಲೇ ಮುರಿದು ಬೀಳುವುದುಂಟು. ನೀಲಗಿರಿ, ಓಕ್, ಎಲ್ಮ್ ಮರಗಳಲ್ಲಿ ಇದು ಗೊತ್ತಿರುವ ಸಂಗತಿ.

ಟೆಂಟಿನ ಚೀಲ ಬಿಚ್ಚುವ ಮೊದಲು ಮರವನ್ನು ಬುಡದಿಂದ ತುದಿವರೆಗೆ ನೋಡಿ. ಬುಡದಲ್ಲಿ ತಟ್ಟೆಯಂಥ ಅಣಬೆ ಎದ್ದಿದೆಯೇ? ಒಂದು ಬದಿಯ ಮಣ್ಣು ಉಬ್ಬಿದೆಯೇ? ಬಡಾವಣೆಗಳಲ್ಲಿ ಪೈಪು, ಕೇಬಲ್ಲು ಹೂಳಲು ಅಗೆದು ಬೇರು ಕತ್ತರಿಸಿರುತ್ತಾರೆ. ಮರದ ಹತ್ತಿರ ಹೊಸದಾಗಿ ಮುಚ್ಚಿದ ಕಾಲುವೆಯ ಗುರುತಿದ್ದರೆ ಆ ಮರದಿಂದ ದೂರ ಇರಿ. ಕಾಂಡದಲ್ಲಿ ಉದ್ದದ ಸೀಳು, ಪೊಟರೆ. ಮೇಲೆ ಎಲೆಯಿಲ್ಲದ ಕೊಂಬೆ, ಮುರಿದು ಇನ್ನೊಂದು ಕೊಂಬೆಗೆ ಸಿಕ್ಕಿ ನೇತಾಡುತ್ತಿರುವ ತುಂಡು. ಇವುಗಳಲ್ಲಿ ಒಂದು ಕಂಡರೂ ಜಾಗ ಬದಲಿಸಿ ಕೊಡಲು ಕೇಳಿ. ಕೊಡದಿದ್ದರೆ ಹಣ ಹೋದರೂ ಸರಿ, ಅಲ್ಲಿ ಮಲಗಬೇಡಿ. ನೆರಳು ಬೇಕೇ ಬೇಕೆಂದರೆ ಮಧ್ಯಾಹ್ನದ ಬಿಸಿಲು ತಡೆಯುವಷ್ಟು ದೂರದಲ್ಲಿ, ಕೊಂಬೆಗಳ ಹರಹು ಮುಗಿದ ಮೇಲೆ ಟೆಂಟು ಹಾಕಿ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಎಲೆಯಿಂದ ತೊಟ್ಟಿಕ್ಕುವುದು, ಎಲೆಹೇನು ಸುರಿಸುವ ಅಂಟು, ಹಕ್ಕಿಯ ಹಿಕ್ಕೆ, ಇವೂ ತಪ್ಪುತ್ತವೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಮರವೂ ಬೇಡ, ಟೆಂಟೂ ಬೇಡ. ಕಾರಿನೊಳಗೆ ಅಥವಾ ಗಟ್ಟಿ ಕಟ್ಟಡದೊಳಗೆ ಹೋಗಿ.

ಬೆಳಿಗ್ಗೆ ಟೆಂಟಿನ ಒಳಮೈಯೆಲ್ಲ ಒದ್ದೆಯಾಗಿತ್ತು. ಸೋರಿಕೆ ಎಂದುಕೊಂಡರೂ ಅದು ಉಸಿರಿನ ನೀರು. ಸೋರಿದರೆ ಹೊಲಿಗೆಯ ಗುಂಟ ಒಂದೆರಡು ಕಡೆ ಹನಿ ಬೀಳುತ್ತದೆ. ಉಸಿರಿನ ತೇವ ಬಟ್ಟೆಯ ತುಂಬ ಒಂದೇ ಸಮ ಹರಡಿರುತ್ತದೆ. ಮರ, ಕಾಂಪೌಂಡು ಗೋಡೆಗಳ ನಡುವೆ ಗಾಳಿ ಆಡದ ಕಾರಣ ಇದು ಬಯಲಿಗಿಂತ ಹೆಚ್ಚು. ಚಳಿ ಎಂದು ಗಾಳಿಕಿಂಡಿ ಮುಚ್ಚಬೇಡಿ, ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ.

ಕರೆಂಟಿನ ಕಥೆ ಇನ್ನೊಂದು. ‘ವಿದ್ಯುತ್ ಸೌಲಭ್ಯವಿದೆ’ ಎಂದರೆ ಎಷ್ಟು ಆಂಪಿಯರ್ ಎಂದು ಕೇಳಿ. ಅಲ್ಲಿದ್ದದ್ದು 6. 230 ವೋಲ್ಟಿನಲ್ಲಿ ಅದು 1,380 ವ್ಯಾಟ್ ಮಾತ್ರ. 2,000 ವ್ಯಾಟಿನ ಕೆಟಲ್ ಹಾಕಿದ್ದೇ ತಡ ಟ್ರಿಪ್ ಆಯಿತು. ಪ್ಲಗ್ ಪೆಟ್ಟಿಗೆಯ ಬೀಗದ ಕೈ ಆಫೀಸಿನಲ್ಲಿ, ಆಫೀಸು ರಾತ್ರಿ ಬಂದ್. ಪಕ್ಕದ ಟೆಂಟಿನವರು ಸುರುಳಿಯಲ್ಲೇ ಅರ್ಧ ಉಳಿಸಿ ವೈರು ಎಳೆದಿದ್ದರು. ಸುತ್ತಿಟ್ಟ ವೈರಿನ ಬಿಸಿ ಹೊರಹೋಗಲು ದಾರಿಯಿಲ್ಲ. ಒಳಪದರಗಳ ಪ್ಲಾಸ್ಟಿಕ್ ಮೆತ್ತಗಾಗಿ ವಾಸನೆ ಬಂದಿತ್ತು. ಐದು ಮೀಟರ್ ಸಾಕಿದ್ದರೂ ಪೂರ್ತಿ ಬಿಚ್ಚಿ. ಕೂಡುವ ಪ್ಲಗ್ಗನ್ನು ಹುಲ್ಲಿನ ಮೇಲೆ ಬಿಡದೆ ಎತ್ತರಕ್ಕೆ ಕಟ್ಟಿ. ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಸೋರಿಕೆ ಕಡಿತದ ಸ್ವಿಚ್ಚು (ಕರೆಂಟು ಸೋರಿದೊಡನೆ ತಾನಾಗಿ ಆಫ್ ಆಗುವ RCD) ಇಲ್ಲದಿದ್ದರೆ ಪ್ಲಗ್ ಹಾಕಲೇಬೇಡಿ.

ಬಿಸಿನೀರಿನ ಲೆಕ್ಕವೂ ಸರಳ. ಇಪ್ಪತ್ತು ಟೆಂಟುಗಳಿಗೆ 150 ಲೀಟರಿನ ಒಂದು ಗೀಸರ್. ತಣ್ಣೀರು ಬೆರೆಸಿಕೊಂಡರೂ ನಿಮಿಷಕ್ಕೆ 8 ಲೀಟರಿನಂತೆ ಆರು ನಿಮಿಷ ಶವರ್ ಬಿಟ್ಟರೆ ಸುಮಾರು ಐದು ಜನಕ್ಕೆ ಮುಗಿಯಿತು, 3 ಕಿಲೋವ್ಯಾಟಿನ ಹೀಟರ್ ಕಾಯಿಲ್‌ಗೆ ಅದನ್ನು ಮತ್ತೆ ಕಾಯಿಸಲು ಎರಡೂವರೆ ಗಂಟೆ ಬೇಕು.

ಇನ್ನು ಬೆಂಕಿ. ಮಳೆ ಬಂತೆಂದು ಒಂದು ಕುಟುಂಬ ಕೆಂಡದ ತಟ್ಟೆಯನ್ನು ಟೆಂಟಿನ ಬಾಗಿಲೊಳಗೆ ಎಳೆದುಕೊಂಡಿತ್ತು. ಯಾರೋ ನೋಡಿ ಹೊರಗಿಡಿಸಿದರು. ಆರುತ್ತಿರುವ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಜೊಂಪು, ಆಮೇಲೆ ಏಳುವುದೇ ಇಲ್ಲ. ಬಾಗಿಲು ತೆರೆದಿದ್ದರೂ, ಗಾಳಿಕಿಂಡಿ ಇದ್ದರೂ ಕೆಂಡ, ಗ್ಯಾಸ್ ಒಲೆ ಒಳಗೆ ಬೇಡವೇ ಬೇಡ. ಟೆಂಟಿನಿಂದ ಟೆಂಟಿಗೆ 6 ಮೀಟರ್ ಬಿಡಬೇಕು ಎಂಬುದು ಬೆಂಕಿ ಹಬ್ಬದಿರಲೆಂದು. ಅಲ್ಲಿ ಇದ್ದದ್ದು ಎರಡು ಮೀಟರ್, ಹಗ್ಗದ ಮೇಲೆ ಹಗ್ಗ. ಕಳ್ಳರ ಭಯಕ್ಕೆ ಒಳಗಿಂದ ಜಿಪ್ಪಿಗೆ ಬೀಗ ಹಾಕುವವರಿಗೂ ಇದೇ ಮಾತು: ಟೆಂಟಿನ ಬಟ್ಟೆ ಒಂದು ಚಾಕುವಿಗೆ ಸೀಳುತ್ತದೆ, ಬೀಗ ತಡೆಯುವುದು ಹೊರಗೆ ಓಡಬೇಕಾದ ನಿಮ್ಮನ್ನೇ. ಪಾಸ್‌ಪೋರ್ಟು, ಹಣ ಮಲಗುಚೀಲದ ಕಾಲಬದಿಗಿರಲಿ.

ಹಣ ಕಟ್ಟುವ ಮೊದಲು ಉಪಗ್ರಹ ನಕ್ಷೆಯಲ್ಲಿ ಜಾಗ ತೆರೆದು ರೈಲುಹಳಿ, ಮುಖ್ಯರಸ್ತೆ ಎಷ್ಟು ಮೀಟರ್ ದೂರ ಎಂದು ಅಳೆಯಿರಿ. ಎಲೆಗಳ ಸಾಲು ರಸ್ತೆಯನ್ನು ಮರೆಮಾಡುತ್ತದೆಯೇ ಹೊರತು ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲ. ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕೊನೆಯ ರೈಲು ಅದಕ್ಕಿಂತ ಮೊದಲೇ ಬರುತ್ತದೆಯೇ ಕೇಳಿ. ಬಾಡಿಗೆ ಟೆಂಟಿಗೋ ತಲೆಗೋ, ಕಾರು, ಕರೆಂಟು, ಶವರ್ ಬೇರೆಯೋ ಎಂದು ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಮೊದಲು ಒಂದೇ ರಾತ್ರಿಗೆ ಕಟ್ಟಿ. ಹೋದೊಡನೆ ಜಾಗ, ಮೇಲಿನ ಕೊಂಬೆ, ಪ್ಲಗ್ ಪೆಟ್ಟಿಗೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಉಳಿದ ರಾತ್ರಿಗಳ ಹಣ ವಾಪಸ್ ಕೇಳುವಾಗ ಮಾತಿಗಿಂತ ಅವೇ ನಿಲ್ಲುತ್ತವೆ. ಹೊರಟ ಮೇಲೆ ಒದ್ದೆ ಟೆಂಟನ್ನು ಅದೇ ದಿನ ಎಲ್ಲಾದರೂ ಹರಡಿ ಒಣಗಿಸಿ. ಚೀಲದಲ್ಲಿ ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಆ ಕಲೆ, ವಾಸನೆ ತೊಳೆದರೂ ಪೂರ್ತಿ ಹೋಗುವುದಿಲ್ಲ.